ಹಿತ್ತಲ ಪ್ರಶ್ನೋತ್ತರ: ಕರಿಬೇವು ಯಾರ ಪಾಲು?

ಪ್ರಶ್ನೆ: ಮೇಡಂ, ನಮ್ಮದು ಎರಡನೇ ಮಹಡಿಯ ಮನೆ. ಬಾಲ್ಕನಿಯ ಕರಿಬೇವಿನ ಗಿಡಕ್ಕೆ ಹಸಿರು ಹುಳು ಬಿದ್ದು ಚಿಗುರೆಲ್ಲ ಬೋಳಾಗಿದೆ. ಔಷಧಿ ಹೊಡೆಯೋಣವೆಂದರೆ, ಹುಳುವನ್ನು ಸಾಕುತ್ತೇನೆಂದು ಏಳು ವರ್ಷದ ಮಗಳು ಹಟ ಹಿಡಿದಿದ್ದಾಳೆ. ಒಗ್ಗರಣೆಗೆ ನಾಲ್ಕು ಎಲೆಯೂ ಉಳಿಯುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮಗಳ ಮಾತು ಕೇಳಿ. ಒಗ್ಗರಣೆಯ ಕರಿಬೇವನ್ನು ಸದ್ಯಕ್ಕೆ ತರಕಾರಿಯವನಿಂದ ಕೊಸರಿಗೆ ಕೇಳಿ ತಂದರಾಯಿತು.

ಅದು ಬಹುಮಟ್ಟಿಗೆ ಕಾಮನ್ ಮಾರ್ಮನ್ ಅಥವಾ ಲೈಮ್ ಚಿಟ್ಟೆಯ ಮರಿ. ಕರಿಬೇವು, ನಿಂಬೆ, ಬಿಲ್ವಪತ್ರೆ ಒಂದೇ ಕುಟುಂಬದ ಗಿಡಗಳು. ಈ ಚಿಟ್ಟೆಗಳು ಮೂರರ ಮೇಲೂ ಮೊಟ್ಟೆಯಿಡುತ್ತವೆ. ಮಗಳ ಕೈಗೆ ಭೂತಗನ್ನಡಿ ಕೊಟ್ಟು ಎಳೆ ಚಿಗುರಿನಲ್ಲಿ ಹುಡುಕಲು ಹೇಳಿ. ಗಸಗಸೆ ಗಾತ್ರದ ಹಳದಿ ಮೊಟ್ಟೆ ಒಂಟಿಯಾಗಿ ಅಂಟಿಕೊಂಡಿರುತ್ತದೆ. ಹೊರಬಂದ ಮರಿ ಕಂದು ಮೈಮೇಲೆ ಬಿಳಿ ಮಚ್ಚೆ ಹೊತ್ತು, ಥೇಟ್ ಹಕ್ಕಿಯ ಹಿಕ್ಕೆಯ ವೇಷದಲ್ಲಿರುತ್ತದೆ. ತಿನ್ನಲು ಬಂದ ಹಕ್ಕಿ ಮುಖ ತಿರುಗಿಸಿಕೊಂಡು ಹೋಗಬೇಕಲ್ಲ! ನಾಲ್ಕನೇ ಸಲ ಪೊರೆ ಕಳಚಿದ ಮೇಲೆ ಎಲೆಹಸಿರು. ಆಗ ಹುಲ್ಲುಕಡ್ಡಿಯಿಂದ ಬೆನ್ನು ಸವರಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ. ನನ್ನ ಮೊಮ್ಮಗ ಮನೆಗೆ ಬಂದವರಿಗೆಲ್ಲ ಇದನ್ನು ತೋರಿಸಿ ಹುಳುವಿನ ಜೀವ ತಿಂದಿದ್ದ. ಒಂದೆರಡು ಸಲ ಸಾಕು. ಮೈಮೇಲೆ ರೋಮವಿಲ್ಲದ್ದರಿಂದ ತುರಿಕೆಯ ಭಯವಿಲ್ಲ. ರೋಮವಿರುವ ಕಂಬಳಿಹುಳುವನ್ನು ಮಾತ್ರ ಮುಟ್ಟದಿರಲಿ.

ಸಾಕುವುದಾದರೆ ರಟ್ಟಿನ ದೊಡ್ಡ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ ಹಳೆಯ ಸೊಳ್ಳೆಪರದೆ ಅಂಟಿಸಿ. ಕರಿಬೇವಿನ ಕಡ್ಡಿಯನ್ನು ನೀರಿನ ಸಣ್ಣ ಬಾಟಲಿಯಲ್ಲಿ ನಿಲ್ಲಿಸಿ, ಬಾಯಿಗೆ ಹತ್ತಿ ತುರುಕಿ. ಇಲ್ಲದಿದ್ದರೆ ಹುಳು ಇಳಿದು ನೀರಿಗೆ ಬೀಳುತ್ತದೆ. ಪೇಟೆಯ ಕರಿಬೇವನ್ನು ಅದಕ್ಕೆ ಹಾಕಲೇಬೇಡಿ. ಅದರ ಮೇಲೆ ಉಳಿದ ಕೀಟನಾಶಕಕ್ಕೆ ಹುಳು ಸತ್ತೀತು. (ನಾವು ಮಾತ್ರ ಅದನ್ನೇ ತಿನ್ನುತ್ತೇವೆ, ತೊಳೆದು.) ದಿನವೂ ಎಲೆ ಬದಲಿಸುವುದು, ಹಿಕ್ಕೆ ಗುಡಿಸುವುದು ಮಗಳದೇ ಕೆಲಸ. ನೀವು ಕೈಹಾಕಬೇಡಿ.

ಒಂದು ದಿನ ಹುಳು ತಿನ್ನುವುದನ್ನು ಬಿಟ್ಟು, ನೀರಾಗಿ ಹಿಕ್ಕೆ ಹಾಕಿ, ಗೊತ್ತುಗುರಿಯಿಲ್ಲದೆ ಅಲೆಯುತ್ತದೆ. ಕಾಯಿಲೆಯೆಂದು ಗಾಬರಿಯಾಗಬೇಡಿ, ಕೋಶ ಕಟ್ಟಲು ಜಾಗ ಹುಡುಕುತ್ತಿದೆ. ಸೊಂಟಕ್ಕೆ ರೇಷ್ಮೆ ಎಳೆಯ ಪಟ್ಟಿ ಬಿಗಿದುಕೊಂಡು ಕಡ್ಡಿಗೆ ಒರಗುತ್ತದೆ. ಹತ್ತು ಹನ್ನೆರಡು ದಿನದಲ್ಲಿ, ಹೆಚ್ಚಾಗಿ ಬೆಳಗಿನ ಹೊತ್ತು, ಚಿಟ್ಟೆ ಬರುತ್ತದೆ. ರೆಕ್ಕೆ ಇಳಿಬಿಟ್ಟು ಒಣಗಿಸಿಕೊಳ್ಳುವಷ್ಟು ಹೊತ್ತು ಯಾರೂ ಮುಟ್ಟಕೂಡದು.

ಕೆಲವೊಮ್ಮೆ ಕೋಶ ಕಂದಿ, ತೂತು ಬಿದ್ದು, ಚಿಟ್ಟೆಯ ಬದಲು ಪುಟ್ಟ ಕಣಜಗಳ ದಂಡೇ ಹೊರಬರುತ್ತದೆ. ತಾಯಿಕಣಜ ಅದರೊಳಗೆ ಮೊಟ್ಟೆಯಿಟ್ಟಿರುತ್ತದೆ. ಮಗಳಿಗೆ ಇದನ್ನು ಮೊದಲೇ ಹೇಳಿಡಿ. ಅತ್ತರೆ ಅಳಲಿ, ಮುಚ್ಚಿಡಬೇಡಿ. ಗಿಡದ ಚಿಂತೆ ಬಿಡಿ. ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ.

ಪ್ರಶ್ನೆ: ಮಗನ ಶಾಲೆಯ ಪ್ರಾಜೆಕ್ಟ್‌ಗೆಂದು ಅಡುಗೆಮನೆಯ ಕಟ್ಟೆಯ ಮೇಲೆ ಮೆಂತ್ಯ ಬಿತ್ತಿದೆವು. ಮೊಳಕೆ ಚೆನ್ನಾಗಿ ಬಂದು, ಸಣಕಲಾಗಿ ಉದ್ದ ಬೆಳೆದು ಮಲಗಿಬಿಟ್ಟಿತು. ಗೊಬ್ಬರ ಸಾಲದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಗೊಬ್ಬರವಲ್ಲ, ಬಿಸಿಲು ಸಾಲದು. ಬೆಳಕು ಹುಡುಕುತ್ತಾ ಕಾಂಡ ಉದ್ದವಾಗಿದೆ. ಜೊತೆಗೆ ನಿಮ್ಮ ಮಗ ದಿನಕ್ಕೆ ಹತ್ತು ಸಲ ನೀರು ಹಾಕಿರುತ್ತಾನೆ, ಬುಡ ಕೊಳೆತಿದೆ. ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಕೊಡಿ. ಮಣ್ಣಿಗೆ ಬೆರಳಿಟ್ಟು ಒಣಗಿದ್ದರೆ ಮಾತ್ರ ನೀರು ಎಂಬುದು ಅವನ ನಿಯಮವಾಗಲಿ. ರಾತ್ರಿ ನೆನೆಸಿದ ಮೆಂತ್ಯವನ್ನು ಎರಡು ಡಬ್ಬಿಗೆ ಬಿತ್ತಿ, ಒಂದನ್ನು ಬಿಸಿಲಿಗೂ ಇನ್ನೊಂದನ್ನು ಕಪಾಟಿನೊಳಗೂ ಇಡಿ. ಕತ್ತಲಲ್ಲಿ ಬೆಳೆದದ್ದು ಹಳದಿಯಾಗಿ ಹೆಚ್ಚು ಎತ್ತರಕ್ಕೆ ಹೋಗುತ್ತದೆ. ಎರಡನ್ನೂ ಶಾಲೆಗೆ ಒಯ್ಯಲಿ. ನೀವೇ ಕೂತು ಅಂಟಿಸಿಕೊಡುವ ಥರ್ಮಾಕೋಲ್ ಮಾದರಿಗಳಿಗಿಂತ ಇದು ಮೇಲು.

ಪ್ರಶ್ನೆ: ಕುಂಡಗಳಿಂದಲೇ ಮನೆಗೆ ಸೊಳ್ಳೆ ಬರುತ್ತದೆ, ಎಲ್ಲ ಎತ್ತಿಬಿಡು ಎನ್ನುತ್ತಾರೆ ನಮ್ಮ ಮಾವನವರು. ಹೌದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅರ್ಧ ಹೌದು. ತಪ್ಪು ಗಿಡದ್ದಲ್ಲ, ಕುಂಡದ ಕೆಳಗಿನ ತಟ್ಟೆಯದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟೇ ನೀರು ಸಾಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ. ವಾರಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿದರಷ್ಟೇ ಆಗದು, ಅಂಚನ್ನು ಉಜ್ಜಿ ತೊಳೆಯಬೇಕು. ಅಲ್ಲಿ ಅಂಟಿದ ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಚೆಲ್ಲುವ ಮುನ್ನ ಸ್ವಲ್ಪ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಮಕ್ಕಳಿಗೆ ತೋರಿಸಿ: ಮರಿಗಳು ತಲೆಕೆಳಗಾಗಿ ನೇತಾಡುತ್ತಾ ಬಾಲದ ಕೊಳವೆಯಿಂದ ಉಸಿರಾಡುತ್ತಿರುತ್ತವೆ. ನಿಮ್ಮ ಮಾವನವರನ್ನೂ ಕರೆದು ತೋರಿಸಿ. ತಟ್ಟೆ ತೊಳೆಯುವ ಜವಾಬ್ದಾರಿಯನ್ನು ಅವರೇ ವಹಿಸಿಕೊಂಡಾರು.