ಓದುಗರ ಪ್ರಶ್ನೆ: ಇಪ್ಪತ್ತೊಂದೋ, ಇಪ್ಪತ್ತೈದೋ?

ಪ್ರಶ್ನೆ: ಪುಣೆಯ ಕಲ್ಯಾಣಿನಗರದ ಕಾರು ಅಪಘಾತದ ನಂತರ ಎಲ್ಲ ಕಡೆ ಒಂದೇ ಮಾತು, ಬಿಯರ್ ಕುಡಿಯುವ ವಯಸ್ಸನ್ನೂ 25 ಮಾಡಿಬಿಡಬೇಕು ಅಂತ. ಥಾಣೆಯಲ್ಲಿ ನಮ್ಮದೊಂದು ಚಿಕ್ಕ ಬಾರ್ ಇದೆ. ವಯಸ್ಸು ಏರಿಸಿದರೆ ಉಪಯೋಗ ಉಂಟೇ? ಗಲ್ಲೆಯಲ್ಲಿ ಕೂತವರು ಏನು ನೋಡಬೇಕು?
– ಹೋಟೆಲ್ ಉದ್ಯಮಿ, ಥಾಣೆ

ಉತ್ತರ: 2024ರ ಮೇ 19ರ ಆ ರಾತ್ರಿ ಕಾರಿನಲ್ಲಿದ್ದ ಹುಡುಗನಿಗೆ 17 ವರ್ಷ. ಪಬ್ಬಿನಲ್ಲಿ ಕುಡಿದು ಹೊರಟಿದ್ದ ಎಂಬುದು ಪೊಲೀಸರ ಆರೋಪ. ಮಹಾರಾಷ್ಟ್ರದಲ್ಲಿ ಬಿಯರ್, ವೈನಿಗೆ 21, ವಿಸ್ಕಿ-ರಮ್ಮಿಗೆ 25 ಎಂಬ ನಿಯಮ ಆಗಲೂ ಇತ್ತು. ಇಪ್ಪತ್ತೊಂದನ್ನು ಇಪ್ಪತ್ತೈದು ಮಾಡಿದ್ದರೂ ಆ ಮೇಜಿನಲ್ಲಿ ಏನೂ ಬದಲಾಗುತ್ತಿರಲಿಲ್ಲ.

ಹಾಗೆಂದು ಏರಿಸುವುದೇ ವ್ಯರ್ಥ ಎನ್ನಲಾಗದು. ಅಮೆರಿಕದ 1984ರ ಕಾನೂನು, 21ಕ್ಕೆ ಏರಿಸದ ರಾಜ್ಯಗಳ ಹೆದ್ದಾರಿ ಅನುದಾನಕ್ಕೆ ಕತ್ತರಿ ಹಾಕಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ ಒಪ್ಪಿದವು, ಎಳೆಯರ ರಸ್ತೆ ಸಾವುಗಳೂ ಇಳಿದವು. ಆದರೆ ಅಲ್ಲಿ ಕೌಂಟರಿನವನು ಕಾರ್ಡ್ ಕೇಳುತ್ತಾನೆ. ನಮ್ಮಲ್ಲಿ 1949ರ ಮದ್ಯನಿಷೇಧ ಕಾಯ್ದೆಯಂತೆ ಕುಡಿಯುವವನಿಗೇ ಪರವಾನಗಿ ಬೇಕು. ಇಲ್ಲಿಯ ಬಾರುಗಳಿಗೆ ಪರ್ಮಿಟ್ ರೂಮ್ ಎಂಬ ಹೆಸರು ಬಂದದ್ದೇ ಅದರಿಂದ. ಐದು ರೂಪಾಯಿಯ ಒಂದು ದಿನದ ಚೀಟಿ ಬರೆಯುವಾಗಲೇ ವಯಸ್ಸು ಕೇಳಿದರೆ ಮುಗಿಯಿತು. ಕೇಳುವವರು ಯಾರು?

ಗಲ್ಲೆಯಲ್ಲಿ ದಿನಾ ಎರಡು ತಾರೀಖು ಬರೆದು ಅಂಟಿಸಿ: ಇವತ್ತಿಗೆ ಸರಿಯಾಗಿ 21 ವರ್ಷ ಹಿಂದಿನದು, 25 ವರ್ಷ ಹಿಂದಿನದು. ಅದಕ್ಕಿಂತ ಈಚೆ ಹುಟ್ಟಿದವರಿಗೆ ಇಲ್ಲ. ಶನಿವಾರದ ಗದ್ದಲದಲ್ಲಿ ವೇಟರ್ ಮನಸ್ಸಿನಲ್ಲೇ ವರ್ಷ ಕಳೆಯಲು ಹೋದಾಗ ತಪ್ಪಾಗುತ್ತದೆ. ಕೆಲವು ಹಳೆಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ. ಅಂಥವರಿಂದ ಪ್ಯಾನ್ ಅಥವಾ ಡ್ರೈವಿಂಗ್ ಲೈಸೆನ್ಸ್ ಕೇಳಿ. ಮೊಬೈಲ್ ಗ್ಯಾಲರಿಯ ಫೋಟೊ ಬೇಡ, ಅದರಲ್ಲಿ ಒಂದು ಅಂಕಿ ತಿದ್ದಲು ಎರಡು ನಿಮಿಷ ಸಾಕು. ಡಿಜಿಲಾಕರನ್ನು ನಿಮ್ಮೆದುರೇ ತೆರೆಸಿ. ಇದೆಲ್ಲ ಆರ್ಡರ್ ತೆಗೆದುಕೊಳ್ಳುವ ಮೊದಲೇ ಆಗಬೇಕು. ಬಾಟಲಿಯ ಮುಚ್ಚಳ ತೆರೆದ ಮೇಲೆ ಕೇಳಿದರೆ ಬಿಲ್ಲಿಗೆ ಜಗಳ ಖಂಡಿತ. ಇಪ್ಪತ್ತಾರರವನು ಆರ್ಡರ್ ಕೊಟ್ಟು ಹತ್ತೊಂಬತ್ತರವನಿಗೆ ಬಗ್ಗಿಸುವುದು ಹಳೇ ಉಪಾಯ. ಆದ್ದರಿಂದ ಕಾರ್ಡ್ ಕೇಳಬೇಕಾದದ್ದು ಆರ್ಡರ್ ಕೊಟ್ಟವನೊಬ್ಬನಿಂದಲ್ಲ, ಗ್ಲಾಸ್ ಇಟ್ಟ ಪ್ರತಿಯೊಬ್ಬನಿಂದ. 18 ತುಂಬದವನಿಗೆ ಮದ್ಯ ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ 7 ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಇದನ್ನು ಕೆಲಸದ ಹುಡುಗರಿಗೆ ಓದಿ ಹೇಳಿ.

ಪ್ರಶ್ನೆ: ನಾವು ವಾಸ್ಕೋದಲ್ಲಿದ್ದೇವೆ. ಮಗನಿಗೆ 19. ಕಾಲೇಜಿಗೆ ಪುಣೆಗೆ ಹೋಗುತ್ತಿದ್ದಾನೆ. ಅವನಿಗೆ ಗೋವಾದ ಕಾನೂನೇ?
– ಗೃಹಿಣಿ, ವಾಸ್ಕೋ

ಉತ್ತರ: ಅಲ್ಲ, ತಾಯಿ. ಮದ್ಯ ರಾಜ್ಯಪಟ್ಟಿಯ ವಿಷಯ. ಎಲ್ಲಿ ಕುಡಿಯುತ್ತಾನೋ ಅಲ್ಲಿಯ ಕಾನೂನು. ಗೋವಾದಲ್ಲಿ 18. ಗೋವಾ ಗಡಿಯ ಪತ್ರಾದೇವಿ ದಾಟಿ ಮಹಾರಾಷ್ಟ್ರದ ಬಾಂದಾ ಮುಟ್ಟಿದ ಕೂಡಲೇ ಅವನು ಬಿಯರಿಗೂ ಚಿಕ್ಕವನು. ಅಗ್ಗವೆಂದು ಬ್ಯಾಗಿನಲ್ಲಿ ಬಾಟಲಿ ತುಂಬಿಕೊಂಡು ಹೋಗುವುದೂ ಬೇಡ, ಪರ್ಮಿಟ್ ಇಲ್ಲದಿದ್ದರೆ ಗಡಿಯ ನಾಕಾದಲ್ಲಿ ಹಿಡಿಯುತ್ತಾರೆ.

ಪ್ರಶ್ನೆ: 'ಬಿಯರ್ ತಾನೇ' ಎಂದು ಮಗ ಒಂದು ಸ್ಟ್ರಾಂಗ್ ಬಾಟಲಿ ಮುಗಿಸಿ ಬೈಕ್ ಹತ್ತುತ್ತಾನೆ. ಒಂದು ಬಾಟಲಿ ಎಂದರೆ ಎಷ್ಟು?
– ಓದುಗರು, ಡೊಂಬಿವಲಿ

ಉತ್ತರ: 650 ಮಿಲಿಯ ಬಾಟಲಿ, ಲೇಬಲ್ಲಿನಲ್ಲಿ ಶೇ 8 ಎಂದಿದ್ದರೆ ಅದರಲ್ಲಿ ಆಲ್ಕೊಹಾಲ್ 52 ಮಿಲಿ, ತೂಕದಲ್ಲಿ ಸುಮಾರು 41 ಗ್ರಾಂ. ಶೇ 42.8ರ ವಿಸ್ಕಿಯ 30 ಮಿಲಿ ಪೆಗ್ಗಿನಲ್ಲಿ 10 ಗ್ರಾಂ. ಅಂದರೆ ಒಂದು ಬಾಟಲಿಗೆ ನಾಲ್ಕು ಸಣ್ಣ ಪೆಗ್. ಬಿಯರ್ ಬೇರೆ, ಹಾರ್ಡ್ ಬೇರೆ ಎಂಬ ಭೇದ ಲಿವರಿಗೆ ಗೊತ್ತಿಲ್ಲ. ನಮ್ಮ ಎರಡು ವಯಸ್ಸಿನ ನಿಯಮದ ದೊಡ್ಡ ತೂತು ಇದೇ. ಗಂಟೆಗೆ ಲಿವರ್ ಕರಗಿಸುವುದು 7ರಿಂದ 10 ಗ್ರಾಂ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ವೇಗ ಹೆಚ್ಚಿಸದು. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಮೊದಲ ಸಲ ಸಿಕ್ಕಿದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ರಾತ್ರಿ 11ಕ್ಕೆ ಬಾಟಲಿ ಮುಗಿದರೆ ಬೈಕ್ ಮುಟ್ಟುವುದು ಬೆಳಗಿನ ಐದರ ಮೇಲೆ. ಎರಡು ಬಾಟಲಿಯಾದರೆ ಮರುದಿನ ಆಫೀಸಿಗೆ ಲೋಕಲ್ ಟ್ರೈನೇ ಗತಿ.