ಹಳೆಯ ಕಂಪ್ಯೂಟರನ್ನು ಮನೆಯ ಸ್ಟೋರೇಜ್ ಸರ್ವರ್ ಮಾಡಿದರೆ ವಿದ್ಯುತ್ ಎಷ್ಟು ಬೇಕು?

ನಮಸ್ಕಾರ. ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ನಾಲ್ಕು ಹಾರ್ಡ್ ಡಿಸ್ಕ್ ಜೋಡಿಸಿ, ಮನೆಯವರೆಲ್ಲರ ಫೋಟೊ, ವಿಡಿಯೊ ಮತ್ತು ಬ್ಯಾಕಪ್‌ಗಳನ್ನು ಅದರಲ್ಲಿ ಇಡಬೇಕೆಂದಿದ್ದೀರಿ. ಪವರ್ ಸಪ್ಲೈ ಮೇಲೆ 450 ವ್ಯಾಟ್ ಎಂದು ಬರೆದಿರುವುದರಿಂದ ಅದು ದಿನವಿಡೀ ಅಷ್ಟೂ ವಿದ್ಯುತ್ತನ್ನು ಎಳೆಯುತ್ತದೆಯೇ, ಹಾಗಿದ್ದರೆ ಹೊಸ ನ್ಯಾಸ್ ಪೆಟ್ಟಿಗೆ (ಮನೆಯ ನೆಟ್‌ವರ್ಕಿನಲ್ಲಿ ಫೈಲ್ ಇಡಲೆಂದೇ ಮಾಡಿದ ಯಂತ್ರ) ಕೊಳ್ಳುವುದೇ ಒಳ್ಳೆಯದೇ ಎಂಬುದು ತಮ್ಮ ಪ್ರಶ್ನೆ.

450 ವ್ಯಾಟ್ ಎಂಬುದು ಆ ಪವರ್ ಸಪ್ಲೈ ಗರಿಷ್ಠ ಎಷ್ಟು ಕೊಡಬಲ್ಲದು ಎಂಬ ಮಿತಿ. ಯಂತ್ರ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಮನೆಯ ಸ್ಟೋರೇಜ್ ಸರ್ವರ್ ದಿನದ ಬಹುಪಾಲು ಏನೂ ಕೆಲಸವಿಲ್ಲದೆ ಸುಮ್ಮನಿರುತ್ತದೆಯಾದ್ದರಿಂದ, ಹಾಗೆ ಸುಮ್ಮನಿರುವಾಗ ಅದು ಎಷ್ಟು ವ್ಯಾಟ್ ಬಳಸುತ್ತದೆ ಎಂಬುದೇ ಬಿಲ್ಲನ್ನು ನಿರ್ಧರಿಸುತ್ತದೆ. ಲೆಕ್ಕ ಸುಲಭ: ವರ್ಷವಿಡೀ ಹರಿಯುವ 1 ವ್ಯಾಟ್ ಎಂದರೆ 8.76 ಯೂನಿಟ್. 70 ವ್ಯಾಟ್ ಎಳೆಯುವ ಯಂತ್ರಕ್ಕೆ ವರ್ಷಕ್ಕೆ ಸುಮಾರು 613 ಯೂನಿಟ್ ಬೇಕು, 25 ವ್ಯಾಟ್ ಎಳೆಯುವುದಕ್ಕೆ 219 ಯೂನಿಟ್ ಸಾಕು.

ಇಂಟೆಲ್‌ನ ಹಳೆಯ ಪೆಂಟಿಯಮ್ 4 ಮತ್ತು ಕೋರ್ 2 ಪ್ರೊಸೆಸರುಗಳ ಕಾಲದ ಡೆಸ್ಕ್‌ಟಾಪ್‌ಗಳು ಸುಮ್ಮನಿರುವಾಗಲೂ 60ರಿಂದ 100 ವ್ಯಾಟ್ ಬಳಸುವುದು ಸಾಮಾನ್ಯ. 2011ರ ಸ್ಯಾಂಡಿ ಬ್ರಿಜ್ ಪೀಳಿಗೆಯಿಂದ ಈಚೆಗೆ ಪರಿಸ್ಥಿತಿ ಬಹಳ ಸುಧಾರಿಸಿತು. 2013ರ ಹ್ಯಾಸ್‌ವೆಲ್ ಪೀಳಿಗೆಯ ಸಾದಾ ಯಂತ್ರ, ಪವರ್ ಸಪ್ಲೈ ಚೆನ್ನಾಗಿದ್ದರೆ, ಡಿಸ್ಕ್‌ಗಳನ್ನು ಬಿಟ್ಟು 20ರಿಂದ 30 ವ್ಯಾಟ್‌ನಲ್ಲಿ ನಿಲ್ಲುತ್ತದೆ. ಪ್ರೊಸೆಸರಿನ ಟಿಡಿಪಿ ಸಂಖ್ಯೆಯನ್ನು ನೋಡಿ ಮಾತ್ರ ನಿರ್ಧರಿಸಬೇಡಿ. ಅದು ದುಡಿಯುವಾಗಿನ ಶಾಖದ ಅಳತೆ. ಒಂದೇ ಪೀಳಿಗೆಯ 35 ವ್ಯಾಟ್‌ನ ಮತ್ತು 65 ವ್ಯಾಟ್‌ನ ಪ್ರೊಸೆಸರುಗಳು ಸುಮ್ಮನಿರುವಾಗ ಹೆಚ್ಚುಕಡಿಮೆ ಒಂದೇ ಸಮ.

ಆದ್ದರಿಂದ ಮೊದಲು ಪ್ಲಗ್‌ಗೆ ಸಿಕ್ಕಿಸುವ ವಿದ್ಯುತ್ ಮೀಟರ್ ತಂದು ಅಳೆಯಿರಿ. ಅದರಲ್ಲಿ ವಿಎ (ವೋಲ್ಟ್-ಆಂಪಿಯರ್) ಅಲ್ಲ, ವ್ಯಾಟ್ ಓದಬೇಕು. ಸ್ವಿಚ್ ಒತ್ತಿದ ಕೂಡಲೇ ನಾಲ್ಕು ಡಿಸ್ಕ್‌ಗಳೂ ಒಟ್ಟಿಗೆ ತಿರುಗಲು ತೊಡಗುವುದರಿಂದ ಸಂಖ್ಯೆ ನೂರನ್ನು ದಾಟಬಹುದು, ಏಕೆಂದರೆ 3.5 ಇಂಚಿನ ಡಿಸ್ಕ್ ಒಂದು ವೇಗ ಹಿಡಿಯುವ ಆ ಕೆಲವು ಸೆಕೆಂಡು 20ರಿಂದ 25 ವ್ಯಾಟ್‌ವರೆಗೂ ಎಳೆಯುತ್ತದೆ. ಆಮೇಲೆ ಸಂಖ್ಯೆ ಇಳಿಯುತ್ತಾ ಬಂದು ಒಂದು ಕಡೆ ನಿಲ್ಲುತ್ತದೆ. ಮಾನಿಟರ್ ಬೇರೆ ಪ್ಲಗ್‌ನಲ್ಲಿರಲಿ. ಹತ್ತು ನಿಮಿಷ ಬಿಟ್ಟು ಓದಿದ ಸಂಖ್ಯೆಯೇ ನಿಮಗೆ ಬೇಕಾದದ್ದು.

ಇನ್ನು ಇಳಿಸುವ ಕೆಲಸ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನು ತೆಗೆದುಬಿಡಿ. ಇದೊಂದರಿಂದಲೇ 10ರಿಂದ 30 ವ್ಯಾಟ್ ಉಳಿಯಬಹುದು. ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಬಯೋಸ್ ಸೆಟ್ಟಿಂಗ್‌ಗಳಲ್ಲಿ ಸಿ-ಸ್ಟೇಟ್‌ಗಳು, ಅಂದರೆ ಪ್ರೊಸೆಸರಿನ ನಿದ್ರೆಯ ಹಂತಗಳು, ಚಾಲೂ ಇವೆಯೇ ನೋಡಿ. ಲಿನಕ್ಸ್ ಹಾಕಿದ್ದರೆ ಪವರ್‌ಟಾಪ್ ಎಂಬ ಸಾಧನ ಪ್ರೊಸೆಸರ್ ಎಷ್ಟು ಆಳದ ನಿದ್ರೆಗೆ ಇಳಿಯುತ್ತಿದೆ ಎಂದು ತೋರಿಸುತ್ತದೆ. ಅದು ಮೇಲಿನ ಹಂತದಲ್ಲೇ ಸಿಕ್ಕಿಕೊಂಡಿದ್ದರೆ ಹಳೆಯ ನೆಟ್‌ವರ್ಕ್ ಕಾರ್ಡ್ ಅಥವಾ ಡಿಸ್ಕ್ ಕಂಟ್ರೋಲರ್ ಕಾರ್ಡ್ ಅದನ್ನು ಮಲಗಲು ಬಿಡುತ್ತಿಲ್ಲ ಎಂದು ಅನುಮಾನಿಸಬಹುದು. ಪವರ್ ಸಪ್ಲೈ ಕೂಡ ಮುಖ್ಯ. 2004ರಲ್ಲಿ ಆರಂಭವಾದ 80 ಪ್ಲಸ್ ಮಾನ್ಯತೆಯ ಸಾಮಾನ್ಯ ದರ್ಜೆಗಳಲ್ಲಿ ದಕ್ಷತೆಯನ್ನು ಅಳೆಯುವುದು ಶೇ 20, 50 ಮತ್ತು 100 ಹೊರೆಯಲ್ಲಿ. 600 ವ್ಯಾಟ್‌ನ ಪವರ್ ಸಪ್ಲೈ 30 ವ್ಯಾಟ್ ಮಾತ್ರ ಕೊಡುವಾಗ ಹೊರೆ ಶೇ 5 ಅಷ್ಟೇ, ಆ ಸ್ಥಿತಿಯ ಬಗ್ಗೆ ಲೇಬಲ್ ಏನನ್ನೂ ಹೇಳುವುದಿಲ್ಲ, ಮತ್ತು ಹಳೆಯ ಪವರ್ ಸಪ್ಲೈಗಳು ಎಳೆದದ್ದರಲ್ಲಿ ಮೂರನೇ ಒಂದು ಭಾಗವನ್ನು ಶಾಖವಾಗಿ ಕಳೆಯುವುದು ಅಲ್ಲಿಯೇ.

ಡಿಸ್ಕ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ನಾಲ್ಕು ಸಣ್ಣ ಹಳೆಯ ಡಿಸ್ಕ್‌ಗಳ ಬದಲು ಎರಡು ದೊಡ್ಡ ಡಿಸ್ಕ್ ಹಾಕಿ, ಒಂದರ ಪ್ರತಿ ಇನ್ನೊಂದರಲ್ಲಿ ಇರುವಂತೆ ಮಾಡಿ. ತಿರುಗುತ್ತಾ ಸುಮ್ಮನಿರುವ 3.5 ಇಂಚಿನ ಡಿಸ್ಕ್ 4ರಿಂದ 6 ವ್ಯಾಟ್ ಬಳಸುವುದರಿಂದ, ಎರಡು ಕಡಿಮೆಯಾದರೆ ವರ್ಷಕ್ಕೆ ಸುಮಾರು 88 ಯೂನಿಟ್ ಉಳಿಯುತ್ತದೆ. ಹಳೆಯ ಡಿಸ್ಕ್ ಕೆಟ್ಟು ಮನೆಯವರ ಫೋಟೊಗಳು ಹೋಗುವ ಭಯವೂ ಕಡಿಮೆ. ಹೊಸ ನ್ಯಾಸ್ ಕೊಂಡರೂ ಇದೇ ನಾಲ್ಕು ಡಿಸ್ಕ್‌ಗಳನ್ನು ಅದಕ್ಕೆ ಹಾಕಿದರೆ ಅವುಗಳ 20 ವ್ಯಾಟ್ ಎಲ್ಲಿಯೂ ಹೋಗುವುದಿಲ್ಲ ಎಂಬುದನ್ನು ಗಮನಿಸಿ.

ಬಳಕೆ ಇಲ್ಲದಾಗ ಡಿಸ್ಕ್ ನಿಲ್ಲುವಂತೆ ಮಾಡಲು ಲಿನಕ್ಸ್‌ನಲ್ಲಿ ಎಚ್‌ಡಿಪಾರ್ಮ್ ಎಂಬ ಆದೇಶ ಇದೆ. ಅದಕ್ಕೆ ಕೊಡುವ ಕಾಯುವ ಸಮಯದಲ್ಲಿ 1ರಿಂದ 240ರವರೆಗಿನ ಸಂಖ್ಯೆಗಳು ಐದೈದು ಸೆಕೆಂಡಿನ ಲೆಕ್ಕ, 241ರಿಂದ 251ರವರೆಗೆ ಅರ್ಧರ್ಧ ಗಂಟೆಯ ಲೆಕ್ಕ; ಆದ್ದರಿಂದ 120 ಎಂದರೆ ಹತ್ತು ನಿಮಿಷ, 242 ಎಂದರೆ ಒಂದು ಗಂಟೆ. ಪದೇ ಪದೇ ನಿಂತು ಹೊರಡುವುದು ಡಿಸ್ಕ್‌ಗೆ ಹಿತವಲ್ಲವಾದ್ದರಿಂದ ಒಂದು ಗಂಟೆಯೇ ಇರಲಿ. ಆಪರೇಟಿಂಗ್ ಸಿಸ್ಟಮ್ ತಿರುಗುವ ಭಾಗವಿಲ್ಲದ ಸಣ್ಣ ಎಸ್‌ಎಸ್‌ಡಿಯಲ್ಲಿರಬೇಕು, ಇಲ್ಲವಾದರೆ ಲಾಗ್ ಬರೆಯುವ ನೆಪದಲ್ಲಿ ಡಿಸ್ಕ್ ನಿಲ್ಲುವುದೇ ಇಲ್ಲ. ಫೈಲುಗಳನ್ನು ತುಂಡು ಮಾಡಿ ಎಲ್ಲ ಡಿಸ್ಕ್‌ಗಳಿಗೂ ಹಂಚುವ ರೇಡ್ 5 ವ್ಯವಸ್ಥೆಯನ್ನು ನಾಲ್ಕು ಡಿಸ್ಕ್‌ಗಳಲ್ಲಿ ಮಾಡಿದರೆ ಒಂದು ಫೋಟೊ ತೆರೆದರೂ ನಾಲ್ಕೂ ಏಳುತ್ತವೆ; ಪ್ರತಿ ಫೈಲನ್ನು ಒಂದೇ ಡಿಸ್ಕ್‌ನಲ್ಲಿ ಇಡಲು ಬಿಡುವ ಸ್ನ್ಯಾಪ್‌ರೇಡ್ ತಂತ್ರಾಂಶದಲ್ಲಿ ಫೈಲ್ ಇರುವ ಡಿಸ್ಕ್ ಒಂದೇ ಎದ್ದರೆ ಸಾಕು.

ಎಲ್ಲಕ್ಕಿಂತ ಹೆಚ್ಚು ಉಳಿತಾಯ ಇರುವುದು ಗಂಟೆಗಳಲ್ಲಿ. 70 ವ್ಯಾಟ್‌ನ ಹಳೆಯ ಯಂತ್ರ ದಿನಕ್ಕೆ ನಾಲ್ಕು ಗಂಟೆ ನಡೆದು, ಉಳಿದ ಇಪ್ಪತ್ತು ಗಂಟೆ 2 ವ್ಯಾಟ್‌ನಲ್ಲಿ ಮಲಗಿದ್ದರೆ ಒಟ್ಟು 320 ವ್ಯಾಟ್-ಗಂಟೆ. ಇಪ್ಪತ್ನಾಲ್ಕು ಗಂಟೆಯೂ ನಡೆಯುವ 15 ವ್ಯಾಟ್‌ನ ಹೊಸ ಪೆಟ್ಟಿಗೆಗೆ ಬೇಕಾಗುವುದು 360. ನಡುರಾತ್ರಿ ಫೈಲ್ ಬೇಕಾದರೆ ನೆಟ್‌ವರ್ಕ್ ಮೂಲಕ ಸಂಕೇತ ಕಳಿಸುವ ವೇಕ್-ಆನ್-ಲ್ಯಾನ್‌ನಿಂದ ಎಬ್ಬಿಸಬಹುದು, ಬ್ಯಾಕಪ್ ಸಮಯಕ್ಕೆ ತಾನಾಗಿ ಏಳಲು ಲಿನಕ್ಸ್‌ನಲ್ಲಿ ಆರ್‌ಟಿಸಿವೇಕ್ ಎಂಬ ಆದೇಶ ಇದೆ. ಸದಾ ಎಚ್ಚರವಿರಲೇಬೇಕು ಎನ್ನುವವರಿಗೆ ಮಾತ್ರ ಕೋರ್ 2 ಕಾಲದ ಯಂತ್ರ ಬೇಡ ಎನ್ನುತ್ತೇನೆ. ಅಂಥವರು ಹಳೆಯ ಲ್ಯಾಪ್‌ಟಾಪ್ ನೋಡಬಹುದು, ಅದು 10ರಿಂದ 15 ವ್ಯಾಟ್‌ನಲ್ಲಿ ಮುಗಿಸುತ್ತದೆ, ಆದರೆ ಬ್ಯಾಟರಿ ಉಬ್ಬಿದ್ದರೆ ಅದನ್ನು ತೆಗೆಸದೆ ಖಂಡಿತ ಬಳಸಬಾರದು.

ತಮ್ಮ ಪ್ರೊಸೆಸರಿನ ಹೆಸರು, ಮೀಟರಿನಲ್ಲಿ ಕಂಡ ವ್ಯಾಟ್, ದಿನದಲ್ಲಿ ಫೈಲುಗಳು ನಿಜಕ್ಕೂ ಬೇಕಾಗುವ ಸಮಯ, ಈ ಮೂರನ್ನು ಇಲ್ಲಿ ತಿಳಿಸಿದರೆ ಯಾವ ಭಾಗವನ್ನು ಬದಲಿಸಬೇಕು, ಯಾವುದನ್ನು ಉಳಿಸಿಕೊಳ್ಳಬಹುದು ಎಂದು ಲೆಕ್ಕ ಹಾಕಿ ಹೇಳುತ್ತೇನೆ.