ಜಪಾನಿನ ಮಹಿಳಾ ಸೆರೆಮನೆ ಚಿತ್ರಗಳನ್ನು ಸ್ತ್ರೀಪರ ಚಿತ್ರಗಳೆನ್ನಬಹುದೇ?

ಎಪ್ಪತ್ತರ ದಶಕದ ಜಪಾನಿನ ಮಹಿಳಾ ಸೆರೆಮನೆ ಚಿತ್ರಗಳ ತುಂಬ ಹೆಣ್ಣುಪಾತ್ರಗಳೇ ಇರುವುದರಿಂದ ಅವನ್ನು ಸ್ತ್ರೀಪರ ಎನ್ನಬಹುದೇ ಎಂದು ಕೇಳಿದ್ದೀರಿ. ಪಾತ್ರಗಳ ಸಂಖ್ಯೆಯನ್ನು ನೋಡಿ ಹಾಗೆ ತೀರ್ಮಾನಿಸಲಾಗದು. ಆದರೆ ಕೀಳು ಅಭಿರುಚಿಯ ಸರಕೆಂದು ಅವನ್ನು ಒಟ್ಟಾರೆ ತಳ್ಳಿಹಾಕುವುದನ್ನೂ ನಾನು ಒಪ್ಪುವುದಿಲ್ಲ. ಈ ಬಗೆಯಲ್ಲಿ ಅತ್ಯಂತ ಹೆಸರಾದ, ತೋಯೆಯಿ ಚಿತ್ರನಿರ್ಮಾಣ ಸಂಸ್ಥೆಯ ‘ಸಸೋರಿ’ (ಚೇಳು) ಸರಣಿಯನ್ನೇ ಆಧಾರವಾಗಿಟ್ಟುಕೊಂಡು ಹೇಳುತ್ತೇನೆ.

ಮೇಕೊ ಕಾಜಿ ನಾಯಕಿಯಾಗಿರುವ ಈ ಸರಣಿಯ ನಾಲ್ಕು ಚಿತ್ರಗಳು 1972 ಮತ್ತು 1973ರಲ್ಲಿ ತೆರೆಕಂಡವು. ಮೊದಲ ಮೂರನ್ನು ಶುನ್ಯಾ ಇತೊ, ಕೊನೆಯದನ್ನು ಯಾಸುಹಾರು ಹಾಸೆಬೆ ನಿರ್ದೇಶಿಸಿದರು. ಮೂಲ ತೋರು ಶಿನೊಹಾರಾ ಅವರ ಮಾಂಗಾ, ಅಂದರೆ ಜಪಾನಿ ಚಿತ್ರಕಥಾ ಪುಸ್ತಕ. ಕಥೆ ಕಟ್ಟಿದವರೂ ಗಂಡಸರು, ತೆರೆಗೆ ತಂದವರೂ ಗಂಡಸರು. ನಗ್ನತೆ ಮತ್ತು ಚಿತ್ರಹಿಂಸೆಯ ದೃಶ್ಯಗಳು ಟಿಕೆಟ್ ಮಾರಾಟಕ್ಕಾಗಿಯೇ ಇದ್ದವೆಂಬುದರಲ್ಲಿ ಸಂದೇಹವಿಲ್ಲ.

ಆದರೂ ನಾಯಕಿ ಮಾತ್ಸುವಿನ ಮೌನವನ್ನು ಗಮನಿಸಬೇಕು. ಮಾಂಗಾದಲ್ಲಿ ಒರಟು ಬೈಗುಳಗಳನ್ನಾಡುವ ಈ ಪಾತ್ರ ತೆರೆಯ ಮೇಲೆ ಹೆಚ್ಚುಕಡಿಮೆ ಮಾತೇ ಆಡದಂತೆ ಮಾಡಿಸಿದವರು ಸ್ವತಃ ಕಾಜಿ. ನಿಕ್ಕಾತ್ಸು ಚಿತ್ರಸಂಸ್ಥೆ 1971ರಲ್ಲಿ ಕಾಮಪ್ರಧಾನ ಚಿತ್ರಗಳತ್ತ ಹೊರಳಿದಾಗ ಅಲ್ಲಿಂದ ಹೊರಬಂದಿದ್ದ ನಟಿ ಆಕೆ. ಹಾಗಾಗಿ ಗಂಡಸರು ಬರೆದ ಪಾತ್ರದೊಳಗೆ ಒಬ್ಬ ನಟಿ ತನ್ನ ಷರತ್ತಿನ ಮೇಲೆ ಪಡೆದುಕೊಂಡ ಅಧಿಕಾರವಾಗಿ ಆ ಮೌನ ನನಗೆ ಕಾಣುತ್ತದೆ.

ಜಪಾನಿನ ನಿಜವಾದ ಮಹಿಳಾ ಕಾರಾಗೃಹಗಳಲ್ಲಿ ಕಾವಲು ಸಿಬ್ಬಂದಿ ಹೆಚ್ಚಾಗಿ ಮಹಿಳೆಯರೇ. ಈ ಚಿತ್ರಗಳಲ್ಲಿ ಮಾತ್ರ ವಾರ್ಡನ್‌ನಿಂದ ಹಿಡಿದು ಕಾವಲುಗಾರರವರೆಗೆ ಹೆಚ್ಚಿನವರು ಗಂಡಸರು. ಇದು ಅಜ್ಞಾನವಲ್ಲ, ಉದ್ದೇಶಪೂರ್ವಕ ಎಂದೇ ನನ್ನ ಎಣಿಕೆ. ಮೊದಲ ಚಿತ್ರ ಆರಂಭವಾಗುವುದು ರಾಷ್ಟ್ರಧ್ವಜ, ರಾಷ್ಟ್ರಗೀತೆಗಳ ನಡುವೆ ವಾರ್ಡನ್‌ಗೆ ನಡೆಯುವ ಸನ್ಮಾನದಿಂದ; ಪತ್ತೇದಾರ ಪ್ರಿಯಕರನಿಂದ ವಂಚಿತಳಾದ ಮಾತ್ಸುವಿನ ರಕ್ತ ಬಿಳಿಯ ಬಟ್ಟೆಯ ಮೇಲೆ ಆ ಧ್ವಜದ ಕೆಂಪು ವೃತ್ತದಂತೆಯೇ ಹರಡುತ್ತದೆ. ಆರೋಪಿಯ ಸ್ಥಾನದಲ್ಲಿ ಇಡೀ ಪ್ರಭುತ್ವವೇ ನಿಂತಿದೆ.

ವೈವಿಧ್ಯದ ಮಾತಿಗೆ ಬಂದರೆ ಎರಡನೆಯ ಚಿತ್ರವೇ ಶ್ರೀಮಂತವಾದುದು. ಅಲ್ಲಿ ಸೆರೆಮನೆಯಿಂದ ತಪ್ಪಿಸಿಕೊಂಡ ಹೆಂಗಸರ ಅಪರಾಧಗಳನ್ನು ಸಾಂಪ್ರದಾಯಿಕ ರಂಗಭೂಮಿಯ ಶೈಲಿಯಲ್ಲಿ ನಿರೂಪಿಸಲಾಗಿದೆ. ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನೇ ಕೊಂದ ಓಬಾ ಎಂಬವಳ ಪಾತ್ರವನ್ನು ರಂಗನಟಿ ಕಯೊಕೊ ಶಿರಾಯಿಶಿ ನಿರ್ವಹಿಸಿದ ರೀತಿ ನಾಯಕಿಯನ್ನೂ ಮಂಕಾಗಿಸುವಂಥದ್ದು. ಅದೇ ಚಿತ್ರದಲ್ಲಿ ಪ್ರವಾಸಿ ಬಸ್ಸಿನ ಗಂಡಸರು, ಯುದ್ಧಕಾಲದಲ್ಲಿ ಚೀನಾದ ಹೆಂಗಸರ ಮೇಲೆ ತಾವು ನಡೆಸಿದ ಅತ್ಯಾಚಾರಗಳನ್ನು ಜಂಬದಿಂದ ಹೇಳಿಕೊಂಡು, ಬಳಿಕ ತಪ್ಪಿಸಿಕೊಂಡವರಲ್ಲಿ ಒಬ್ಬಳ ಮೇಲೆರಗುತ್ತಾರೆ. ಇದು ಧೈರ್ಯದ ದೃಶ್ಯವೇ ಸರಿ. ಆದರೆ ಆ ಚೀನೀ ಹೆಂಗಸರು ಆ ಗಂಡಸರ ಬಾಯಿಮಾತಿನಲ್ಲಿ ಮಾತ್ರ ಇದ್ದಾರೆ. ಸಲಿಂಗ ಸಂಬಂಧದ ಚಿತ್ರಣ ಇನ್ನೂ ಬಡವಾದುದು: ಮೊದಲ ಚಿತ್ರದಲ್ಲಿ ಕೈದಿಯ ವೇಷದಲ್ಲಿ ಬಂದ ಮಹಿಳಾ ಪೊಲೀಸಳನ್ನು ಮಾತ್ಸು ವಶಪಡಿಸಿಕೊಳ್ಳುವ ತಂತ್ರವಷ್ಟೇ ಅದು. ಮೂರನೆಯ ಚಿತ್ರದಲ್ಲಿ ಬರುವ, ಯುಕಿ ಎಂಬವಳ ಬುದ್ಧಿಮಾಂದ್ಯ ಅಣ್ಣನ ಪಾತ್ರವಂತೂ ಅಕ್ಕರೆಗಿಂತ ಆಘಾತ ಹುಟ್ಟಿಸಲೆಂದೇ ಇರುವಂತಿದೆ.

ಹೋಲಿಸಿ ನೋಡುವ ಆಸಕ್ತಿಯಿದ್ದರೆ, ನಟಿ ಕಿನುಯೊ ತನಾಕಾ 1961ರಲ್ಲಿ ನಿರ್ದೇಶಿಸಿದ ‘ಒನ್ನಾ ಬಕಾರಿ ನೊ ಯೊರು’ ಚಿತ್ರವನ್ನು ಹುಡುಕಿ. ವೇಶ್ಯಾವೃತ್ತಿ ನಿಷೇಧ ಕಾಯಿದೆಯ ನಂತರದ ಸುಧಾರಣಾಗೃಹವೊಂದರ ಹೆಂಗಸರ ಕಥೆಯದು; ಚಿತ್ರಕಥೆಯೂ ಸುಮಿಯೆ ತನಾಕಾ ಎಂಬ ಮಹಿಳೆಯದೇ. ಅಲ್ಲಿಂದ ಹೊರಬಂದ ನಾಯಕಿ ಅಂಗಡಿ, ಕಾರ್ಖಾನೆ, ಗುಲಾಬಿ ತೋಟಗಳಲ್ಲಿ ದುಡಿಯುತ್ತಾಳೆ. ಹೋದಲ್ಲೆಲ್ಲ ಅವಳ ಹಿಂದಿನ ಬದುಕನ್ನು ಎತ್ತಿ ಆಡುವವರು ಎದುರಾಗುತ್ತಾರೆ, ಅವರಲ್ಲಿ ಹೆಂಗಸರೂ ಇದ್ದಾರೆ.